ಗುಡ್ಡವಿಲ್ಲದ ನಾಡಿನಲ್ಲಿ ಇಟಲಿಯ ತಾಲೀಮು

ಇಟಲಿ ಹೇಗಿತ್ತು ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಹಾಲಿನ ಡೈರಿಯ ಮುಂದೆ ಕೇಳುತ್ತಾರೆ, ತಿಥಿ ಊಟದ ಪಂಕ್ತಿಯಲ್ಲೂ ಕೇಳುತ್ತಾರೆ. ನಾನು ಇಟಲಿ ನೋಡಿಲ್ಲ. ವೀಸಾ ಇತ್ತು, ಟಿಕೆಟ್ ಇತ್ತು, ಕಲ್ಲುಹಾದಿಯಲ್ಲಿ ನಡೆಯಲು ಮಗಳು ಕೊಡಿಸಿದ ಬೂಟೂ ಇತ್ತು. ಹೋಗಲಿಲ್ಲ. ಮಂಡಿನೋವು ಬಂತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ನನ್ನ ಮಂಡಿಗೆ ಏನೂ ಆಗಿಲ್ಲ, ಈಗಲೂ ಸೊಪ್ಪಿನ ಹೊರೆ ಹೊತ್ತು ಅಟ್ಟ ಹತ್ತುತ್ತೇನೆ.

ನಾನು ನೋಡಿ ಬಂದದ್ದು ಕುವೈತ್. ಅಲ್ಲಿ ಕೂತು ಇಟಲಿಗೆ ಹೋಗುವ ತಯಾರಿ ಮಾಡಿದೆವು. ಆ ತಯಾರಿಯಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆಯುತ್ತೇನೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳಿ.

ಮಂಗಾಫ್

ನನ್ನ ಮಗಳು ಮಂಗಳ ಅಲ್ಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಅಳಿಯ ರಮೇಶ ಮೀನಾ ಅಲ್ ಅಹ್ಮದಿಯ ಎಣ್ಣೆ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಮಗಳು ದಿಶಾಗೆ ಹನ್ನೆರಡು ತುಂಬಿದೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಬ್ಬರಿಗೂ ಹೇಗೋ ಅರ್ಥವಾಗುತ್ತದೆ, ಇಬ್ಬರೂ ಬಿಟ್ಟುಕೊಡುವುದಿಲ್ಲ. ಅವರ ಮನೆ ಇರುವುದು ಮಂಗಾಫ್ ಎಂಬಲ್ಲಿ, ಸಮುದ್ರಕ್ಕೆ ಹತ್ತಿರ, ದೊಡ್ಡ ಕಟ್ಟಡದ ನಾಲ್ಕನೇ ಮಹಡಿಯಲ್ಲಿ.

ಕುವೈತ್ ಎಂದರೆ ಕೆಂಡದ ಮೇಲೆ ಕೂತ ಹಾಗೆ ಎಂದುಕೊಂಡು ತೆಳು ಸೀರೆಗಳನ್ನೇ ತಂದಿದ್ದೆ. ಜನವರಿಯಲ್ಲಿ ಇಳಿದರೆ ಹಲ್ಲು ಕಟಕಟ ಎನ್ನುವ ಚಳಿ. ಮೊದಲ ವಾರ ಅಳಿಯನ ಸ್ವೆಟರ್ ಹಾಕಿಕೊಂಡು ತಿರುಗಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಆ ನೆಲ. ಅಷ್ಟು ಮಟ್ಟಸವಾದ ನೆಲವನ್ನು ನಾನು ಹುಟ್ಟಿದಮೇಲೆ ನೋಡಿರಲಿಲ್ಲ. ನಮ್ಮ ರಾಮನಗರದ ಕಡೆ ಯಾವ ದಿಕ್ಕಿಗೆ ತಿರುಗಿದರೂ ಒಂದು ಬಂಡೆಗುಡ್ಡ ಎದ್ದು ನಿಂತಿರುತ್ತದೆ. ಕುವೈತಿನಲ್ಲಿ ಒಂದು ದಿನ ಮಳೆ ಬಂತು. ನೀರು ಯಾವ ಕಡೆ ಹೋಗಬೇಕೆಂದೇ ಗೊತ್ತಾಗದೆ ರಸ್ತೆಯಲ್ಲೇ ನಿಂತುಕೊಂಡಿತು. ಶಾಲೆಗೆ ರಜ ಕೊಟ್ಟರು. ಒಂದೊಂದು ಗಿಡದ ಬುಡಕ್ಕೂ ಒಂದೊಂದು ಕರಿ ಪೈಪು ಎಳೆದು ನೀರುಣಿಸುವ ಜನ, ಬಿದ್ದ ಮಳೆಯನ್ನು ಏನು ಮಾಡಬೇಕೆಂದು ತಿಳಿಯದೆ ಕಿಟಕಿಯಲ್ಲಿ ನಿಂತು ವಿಡಿಯೋ ಮಾಡುತ್ತಿದ್ದರು.

ಅಲ್ಲಿ ಹೆಂಗಸರು ಕಾರು ಓಡಿಸುವುದು ಹೊಸದಲ್ಲ. ಬುರ್ಖಾದವರೂ ಓಡಿಸುತ್ತಾರೆ, ಬಾಬ್ ಕೂದಲಿನವರೂ ಓಡಿಸುತ್ತಾರೆ. ಮಂಗಳ ದಿನಾ ಒಬ್ಬಳೇ ಆಸ್ಪತ್ರೆಗೆ ಓಡಿಸಿಕೊಂಡು ಹೋಗುತ್ತಾಳೆ. ನನ್ನನ್ನು ಕೂರಿಸಿಕೊಂಡು ಹೋಗುವಾಗ ಅಲ್ಲಿ ಎಡಗಡೆ ಇರುವ ಸ್ಟೇರಿಂಗಿನ ಮೇಲೆ ಒಂದು ಕೈ, ಒಂದು ಕೈ ಬಾಯಿಯ ಜೊತೆ ಮಾತಿಗೆ. ಆದರೆ ದಾರಿಯಲ್ಲಿ ರಮೇಶ ಹತ್ತಿಕೊಳ್ಳುವುದಿದ್ದರೆ, ಅವನು ಕಂಡ ಕೂಡಲೇ ಗಾಡಿ ನಿಲ್ಲಿಸಿ, ಇಳಿದು, ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಅವನು ಕೇಳುವುದಿಲ್ಲ, ಇವಳು ಹೇಳುವುದಿಲ್ಲ. ಗಂಡ ಬಂದರೆ ಜಾಗ ಬಿಡಬೇಕು, ಅಷ್ಟೆ. ಇದನ್ನು ಅವಳು ಕುವೈತಿನಲ್ಲಿ ಕಲಿತಿಲ್ಲ. ನಮ್ಮ ಮನೆಯಲ್ಲಿ ಕಲಿತದ್ದು. ನೋಡಿ ನನಗೆ ಹೆಮ್ಮೆಯೇ ಆಗುತ್ತಿತ್ತು.

ಇಟಲಿಯ ಯೋಚನೆ ಮಂಗಳನದು. ಏಪ್ರಿಲ್‌ನಲ್ಲಿ ಒಂದು ವಾರ. ಊರೂರಿನ ಗದ್ದಲ ಬೇಡ, ಹಳ್ಳಿಗಾಡಿನ ಒಂದು ತೋಟದ ಮನೆಯಲ್ಲಿ ಇದ್ದುಕೊಂಡು, ಬಾಡಿಗೆ ಕಾರು ಹಿಡಿದು, ನಾವೇ ಓಡಿಸಿಕೊಂಡು ಸುತ್ತುವುದು. ರಾತ್ರಿ ಊಟವಾದಮೇಲೆ ಅವಳು ಟಿವಿಯಲ್ಲಿ ಆ ರಸ್ತೆಗಳನ್ನು ಹಾಕಿ ತೋರಿಸುತ್ತಿದ್ದಳು. ಹಸಿರು ದಿಣ್ಣೆಗಳು, ಒಂದರ ಬೆನ್ನಿಗೆ ಒಂದು. ಮೇಲೆ ಕಲ್ಲಿನ ಹಳ್ಳಿ. ರಸ್ತೆ ದಿಣ್ಣೆ ಹತ್ತಿ ಇಳಿದು ಮತ್ತೆ ಹತ್ತುತ್ತದೆ, ಎರಡು ಬದಿಗೂ ಈಟಿ ನೆಟ್ಟ ಹಾಗೆ ನೆಟ್ಟಗಿನ ಮರಗಳು.

"ಅಲ್ಲಿ ರಾಗಿ ಸಿಗ್ತದಾ?" ಎಂದೆ.

"ಅಜ್ಜಿ, ಇಟ್ಸ್ ಇಟಲಿ. ದೇ ಹ್ಯಾವ್ ಪಾಸ್ತಾ," ಎಂದಳು ದಿಶಾ.

"ಒಂದು ಸೇರು ಹಿಟ್ಟು ಕಟ್ಕೋತೀನಿ ಬುಡು."

ಮಂಗಳ ನಮ್ಮಿಬ್ಬರ ಮಾತನ್ನು ಕೇಳುತ್ತಲೇ ಇರಲಿಲ್ಲ. ಕಣ್ಣೆಲ್ಲ ಆ ರಸ್ತೆಯ ಮೇಲೆ. "ಇದನ್ನ ನಾನು ಓಡುಸ್ಬೇಕು ಅವ್ವಾ," ಎಂದಳು. "ಈ ಊರಲ್ಲಿ ಹತ್ತು ವರ್ಷದಿಂದ ನೆಟ್ಟಗೇ ಓಡ್ಸಿ ಓಡ್ಸಿ ಸಾಕಾಗದೆ. ಒಂದ್ಸಲ ಹತ್ಬೇಕು, ಇಳೀಬೇಕು."

ಅವಳಿಗೆ ಓಡಿಸಲು ಕಲಿಸಿದವರು ಅವರಪ್ಪ. ರೇಷ್ಮೆಗೂಡು ಸಾಗಿಸುವ ನಮ್ಮ ಟೆಂಪೋದಲ್ಲಿ, ಬೆಟ್ಟದ ರಸ್ತೆಯಲ್ಲಿ. ಕೈಯಲ್ಲಿ ಗೇರು ಹಾಕುವ ಗಾಡಿ ಅವಳಿಗೆ ಚೆನ್ನಾಗಿ ಗೊತ್ತು. ರಮೇಶ ಮಂಡ್ಯದ ಗದ್ದೆ ಬಯಲಿನವನು, ಕಾರು ಕಲಿತದ್ದೇ ಕುವೈತಿಗೆ ಬಂದ ಮೇಲೆ. ಅಲ್ಲಿ ಕಾರುಗಳಿಗೆಲ್ಲ ಗೇರು ತಾನಾಗಿಯೇ ಬೀಳುತ್ತದೆ. ನಾವು ಹೋಗುವ ವಾರಕ್ಕೆ ಇಟಲಿಯಲ್ಲಿ ಸಿಕ್ಕದ್ದು ಕೈಗೇರಿನ ಕಾರು ಮಾತ್ರ. ಅದರಿಂದ ರಮೇಶನಿಗೆ ಒಂದು ಚೂರೂ ಬೇಜಾರಿರಲಿಲ್ಲ.

"ಓಡುಸ್ಲಿ ಬಿಡಿ ಅತ್ತೆ. ನಾನು ಪಕ್ಕದಲ್ಲಿ ಕೂತು ಕಿತ್ತಳೆ ಸುಲ್ದು ಕೊಡ್ತೀನಿ," ಎಂದು ನಕ್ಕ.

ನನಗೆ ಸರಿ ಬರಲಿಲ್ಲ. ಇಷ್ಟು ದಿನ ಇಳಿದು ಸುತ್ತಿ ಬಂದು ಕೂರುತ್ತಿದ್ದವಳು, ಹೊರನಾಡಿನಲ್ಲಿ ನಾಲ್ಕು ಜನರ ಎದುರು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು ಎಂದರೇನು? ಆದರೂ ಆ ರಾತ್ರಿ ಬಾಯಿ ಮುಚ್ಚಿಕೊಂಡಿದ್ದೆ. ಹಾಗೆಯೇ ಮುಚ್ಚಿಕೊಂಡಿದ್ದಿದ್ದರೆ ಇದನ್ನು ಬರೆಯುವ ಕೆಲಸ ಇರುತ್ತಿರಲಿಲ್ಲ.

ಅಬ್ಬಾಸಿಯಾ

ಸಂಕ್ರಾಂತಿಗೆ ನಮ್ಮ ಕಡೆಯವರೆಲ್ಲ ಅಬ್ಬಾಸಿಯಾದ ಒಂದು ಹಾಲ್‌ನಲ್ಲಿ ಸೇರಿದ್ದರು. ಎಂಜಿನಿಯರುಗಳು, ಡಾಕ್ಟರುಗಳು, ಬ್ಯಾಂಕಿನವರು. ಹೆಂಗಸರು ಊರಿನಿಂದ ತರಿಸಿದ ಎಳ್ಳು ಬೆಲ್ಲ, ಸಕ್ಕರೆ ಅಚ್ಚು ಹಂಚುತ್ತಿದ್ದರು. ಕಬ್ಬು ಮಾತ್ರ ಬೆರಳು ದಪ್ಪ, ಎಲ್ಲಿಂದ ಬಂದದ್ದೋ, ಅಗಿದರೆ ಹುಲ್ಲು ಅಗಿದ ಹಾಗೆ. ಊರಿನಲ್ಲಿ ಸಂಕ್ರಾಂತಿಗೆ ಹೊಸ ಸೀರೆ ಉಡದವರೂ ಅಲ್ಲಿ ಜರಿ ಉಟ್ಟಿದ್ದರು. ದೂರ ಹೋದಷ್ಟೂ ಹಬ್ಬ ಜೋರಾಗುತ್ತದೆ.

ನನಗೆ ಮಧ್ಯದಲ್ಲಿ ಒಂದು ಕುರ್ಚಿ ಹಾಕಿದರು. ವಯಸ್ಸಾದವರು ಅಲ್ಲಿ ಕಡಿಮೆ, ಅದಕ್ಕೇ ನಾನು ಬಾಯಿ ಬಿಟ್ಟರೆ ನಗಲು ಎಲ್ಲರೂ ಕಾದಿರುತ್ತಿದ್ದರು. ಸುಮಾ ಎಂಬ ಹೆಂಗಸು, ಅವಳ ಗಂಡ ರಮೇಶನ ಜೊತೆಯಲ್ಲೇ ಕೆಲಸ ಮಾಡುವವನು, ನನ್ನ ಕೈಗೆ ಎಳ್ಳು ಹಾಕುತ್ತಾ, "ಅಮ್ಮಾ, ಇಟಲಿಗಂತೆ! ಮಂಗಳಾನೇ ಡ್ರೈವ್ ಮಾಡ್ತಾಳಂತೆ!" ಎಂದಳು.

ಎಳ್ಳು ಬೆಲ್ಲ ಬಾಯಲ್ಲಿತ್ತು. ಒಳ್ಳೆಯ ಮಾತಾಡು ಎಂದು ಹೇಳಿ ಕೊಟ್ಟದ್ದು. ಅದನ್ನು ಅಗಿಯುತ್ತಲೇ ಹೇಳಿದೆ:

"ಹೂಂ ಕಣವ್ವ. ಅವ್ಳು ಓಡುಸ್ತಾಳೆ. ನಮ್ಮ ಅಳಿಯಂದ್ರಿಗೆ ನನ್ನ ಪೆಟ್ಟಿಗೇಲಿ ಒಂದು ಇಳಕಲ್ ಸೀರೆ ಅದೆ. ಉಟ್ಕೊಂಡು ಪಕ್ಕದಲ್ಲಿ ಕುಂತ್ಕೋತಾರೆ. ಮಲ್ಲಿಗೆ ಹೂವ ಸಿಕ್ರೆ ಮುಡ್ಕೋತಾರೆ."

ಹಾಲ್ ಪೂರ್ತಿ ನಕ್ಕಿತು. ಗಂಡಸರು ತೊಡೆ ತಟ್ಟಿಕೊಂಡು ನಕ್ಕರು. ಅಷ್ಟು ನಗು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಒಬ್ಬ ಕೂಗಿದ, "ರಮೇಶಾ, ಬ್ಲೌಸ್ ಹೊಲ್ಸಿದ್ಯೇನೋ?" ನಾನು ಅದಕ್ಕೂ ಒಂದು ಸೇರಿಸಿದೆ, ಅದನ್ನು ಬರೆಯುವುದಿಲ್ಲ.

ರಮೇಶನೂ ನಕ್ಕ. ಬಾಯಿ ಮಾತ್ರ ನಕ್ಕಿತು. ಮಂಗಳ ನನ್ನನ್ನು ನೋಡಲಿಲ್ಲ, ಕೆಳಗೆ ಬಿದ್ದ ಎಳ್ಳನ್ನು ಬೆರಳಲ್ಲಿ ಒತ್ತಿ ಒತ್ತಿ ಎತ್ತುತ್ತಿದ್ದಳು.

ಮನೆಗೆ ಹೋಗುವಾಗ ರಮೇಶನೇ ಓಡಿಸುತ್ತಿದ್ದ. ಅರ್ಧ ದಾರಿಯಲ್ಲಿ ಅವನು, "ಇಟಲಿಲಿ ನಾನೇ ಓಡುಸ್ತೀನಿ," ಎಂದ.

"ಗೇರ್ ಬರಲ್ವಲ್ಲ ನಿಮ್ಗೆ," ಎಂದಳು ಮಂಗಳ.

"ಕಲೀತೀನಿ. ನನ್ ಹೆಸರು ಒಂದೇ ಹಾಕ್ಸು ಬುಕಿಂಗ್‌ಲಿ. ನಿಂದು ತೆಗ್ಸು."

ಹಿಂದಿನ ಸೀಟಿನಲ್ಲಿ ನಾನು ಖುಷಿಯಾಗಿದ್ದೆ. ಎಲ್ಲ ಸರಿ ಮಾಡಿದೆ ಎಂದುಕೊಂಡೆ.

ಶುವೈಖ್

ಗುರು ಸಿಕ್ಕಿದ್ದು ಹಮೀದ್. ಪುತ್ತೂರಿನ ಕಡೆಯ ಬ್ಯಾರಿ, ಶುವೈಖಿನಲ್ಲಿ ಗಾಡಿಗಳ ಬಿಡಿಭಾಗ ಮಾರುವ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ಒಂದು ಹಳೆಯ ಗೇರಿನ ಪಿಕಪ್ ಇತ್ತು. ಶುವೈಖ್ ಎಂದರೆ ಗ್ಯಾರೇಜು, ಟಯರು, ಸುತ್ತಿಗೆ ಸದ್ದು, ಬೆಳಗಿನಿಂದ ಸಂಜೆಯವರೆಗೆ ಕಿವಿ ಹರಿಯುತ್ತದೆ. ಶುಕ್ರವಾರ ಬೆಳಿಗ್ಗೆ ಮಾತ್ರ ಎಲ್ಲ ಶಟರು ಎಳೆದು ಬೀದಿ ಬಿಕೋ ಎನ್ನುತ್ತದೆ. ಆ ಹೊತ್ತಿಗೆ ನಾವು ಹೋಗುತ್ತಿದ್ದೆವು. ಪಿಕಪ್ಪಿನಲ್ಲಿ ರಮೇಶ, ಹಮೀದ್. ಹಿಂದೆ ಕಾರಿನಲ್ಲಿ ಮಂಗಳ, ದಿಶಾ, ನಾನು. ಒಂದು ಡಬ್ಬಿ ಉಪ್ಪಿಟ್ಟು.

"ಕ್ಲಚ್ ಬಿಡುವಾಗ ಮೆಲ್ಲ ಬಿಡ್ಬೇಕು ಸಾರ್, ಮಲಗಿದ ಮಗುವಿನ ಕೆಳಗಿಂದ ಕೈ ತೆಗ್ದ ಹಾಗೆ," ಎನ್ನುತ್ತಿದ್ದ ಹಮೀದ್. ರಮೇಶ ಬಿಟ್ಟರೆ ಪಿಕಪ್ ಕಪ್ಪೆಯ ಹಾಗೆ ನೆಗೆದು ಸತ್ತುಬೀಳುತ್ತಿತ್ತು. "ಮಗು ಎದ್ದಿತು ಸಾರ್! ಇನ್ನೊಮ್ಮೆ, ಯಲ್ಲಾ!"

ಮಂಗಳ ಕಾರಿನಲ್ಲಿ ಕೂತು ನೋಡುತ್ತಿದ್ದಳು. ರಮೇಶ ಗೇರು ಬದಲಾಯಿಸುವ ಹೊತ್ತಿಗೆ ಅವಳ ಎಡಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು. ಆ ಕಾಲನ್ನು ನಾನು ನೋಡಿದೆ. ನೋಡಿಯೂ ಉಪ್ಪಿಟ್ಟಿನ ಡಬ್ಬಿ ತೆಗೆದು, "ತಿನ್ನು, ಆರೋಗ್ತದೆ," ಎಂದೆ.

ನಾಲ್ಕೈದು ಶುಕ್ರವಾರ ಕಳೆಯುವ ಹೊತ್ತಿಗೆ ರಮೇಶ ಮಟ್ಟಸ ನೆಲದಲ್ಲಿ ಪರವಾಗಿಲ್ಲ ಎನ್ನುವ ಹಾಗೆ ಓಡಿಸಿದ. ಇನ್ನು ಬೇಕಾದದ್ದು ಏರು. ಕುವೈತಿನಲ್ಲಿ ಏರನ್ನು ಎಲ್ಲಿಂದ ತರುವುದು? ಹಮೀದ್ ಪಿಕಪ್ಪನ್ನು ಕೆಲವು ದಿನಕ್ಕೆ ಕೊಟ್ಟ. ರಮೇಶ ಕೆಲಸದಿಂದ ಬಂದು, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಇಳಿಯುವ ಸಿಮೆಂಟಿನ ಇಳಿಜಾರಿನಲ್ಲಿ ಹತ್ತುವುದು, ನಿಲ್ಲಿಸುವುದು, ಮತ್ತೆ ಹತ್ತುವುದು. ಕಟ್ಟಡ ಕಾಯುವವನನ್ನು ಅಲ್ಲಿ ಹಾರಿಸ್ ಎನ್ನುತ್ತಾರೆ. ನಮ್ಮ ಹಾರಿಸ್ ಈಜಿಪ್ಟಿನ ಮುದುಕ, ಆ ಇಳಿಜಾರಿನ ಬುಡದಲ್ಲೇ ಕುರ್ಚಿ ಹಾಕಿ ಚಹಾ ಕುಡಿಯುವವನು. ಪಿಕಪ್ ಹಿಂದಕ್ಕೆ ಉರುಳಿಕೊಂಡು ಬಂದಾಗ ಕುರ್ಚಿ ಬಿಟ್ಟು ಹಾರಿದ. "ಖಲಾಸ್, ಯಾ ಎಂಜಿನಿಯರ್! ಖಲಾಸ್!" ಎಂದು ಎದೆ ಹಿಡಿದುಕೊಂಡು ಕೂಗಿದ. ಅಲ್ಲಿಗೆ ಆ ಏರು ಮುಗಿಯಿತು.

"ಮುತ್ಲಾಕ್ಕೆ ಹೋಗುವ," ಎಂದ ಹಮೀದ್. "ಈ ದೇಶಕ್ಕೆ ಅಂತ ಇರುವುದು ಅದೊಂದೇ ಗುಡ್ಡ. ನಿಮ್ಮ ಊರಿನವರು ಕಂಡರೆ ನಗಾಡುವರು, ಆದರೂ ಗುಡ್ಡವೇ."

ಆ ರಾತ್ರಿ ಮಂಗಳ ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. "ಅವ್ವಾ, ನೀನೊಂದ್ ಮಾತು ಹೇಳು ಅವ್ರಿಗೆ. ನಾನು ಹೇಳುದ್ರೆ ಕೇಳಲ್ಲ. ನೀನು ಹೇಳುದ್ರೆ ಬಿಟ್ಬುಡ್ತಾರೆ."

"ಏನಂತ ಹೇಳ್ಲಿ?"

"ಮಂಗಳಾನೇ ಓಡುಸ್ಲಿ ಅಂತ."

"ಗಂಡಸು ಕಲೀತೀನಿ ಅಂತ ನಿಂತವ್ನೆ, ನಾನ್ಯಾಕೆ ಅಡ್ಡ ಬರ್ಲಿ? ಕಲೀತಾರೆ ಬುಡು," ಎಂದು ಮುದ್ದೆ ತಿರುವಿದೆ.

ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದು ಒಂದೇ ಸಲ.

ಮುತ್ಲಾ

ಮುತ್ಲಾ ಕುವೈತಿನ ಉತ್ತರಕ್ಕೆ, ಜಹ್ರಾ ದಾಟಿದ ಮೇಲೆ. ಹಮೀದ್ ಹೇಳಿದ್ದು ನಿಜ. ನಮ್ಮೂರಿನಲ್ಲಿ ಅದನ್ನು ದಿಬ್ಬ ಎನ್ನುತ್ತಾರೆ, ಮೇಲೆ ಕುರಿ ಮಲಗಿಸುತ್ತಾರೆ. ಆದರೆ ಅಷ್ಟು ದಿನ ತಟ್ಟೆಯಂಥ ಮಟ್ಟಸ ನೆಲ ನೋಡಿದ್ದ ನನಗೂ ಅದು ಎದ್ದು ಕಂಡಿತು. ಚಳಿಗಾಲದಲ್ಲಿ ಕುವೈತಿನವರು ಮನೆ ಬಿಟ್ಟು ಮರಳಿನಲ್ಲಿ ಡೇರೆ ಹಾಕಿಕೊಂಡು ಇರುತ್ತಾರೆ. ದಾರಿಯುದ್ದಕ್ಕೂ ಬಿಳಿ ಡೇರೆಗಳು. ಒಳಗೆ ಜಮಖಾನ, ಟಿವಿ, ದೀಪದ ಸರ. ಅರಮನೆಯಂಥ ಮನೆ ಇದ್ದವರು ಮರಳಿಗೆ ಬಂದು ಕೆಂಡದ ಮೇಲೆ ಚಹಾ ಕಾಯಿಸುತ್ತಾರೆ. ನಮ್ಮಲ್ಲಿ ಡೇರೆಯಲ್ಲಿ ಇರುವವರು ಮನೆ ಯಾವಾಗ ಸಿಗುತ್ತದೋ ಎಂದು ಅರ್ಜಿ ಹಾಕಿ ಕಾಯುತ್ತಾರೆ.

ದೊಡ್ಡ ರಸ್ತೆ ಬಿಟ್ಟು ಒಂದು ಸಣ್ಣ ಟಾರು ರಸ್ತೆ ದಿಬ್ಬ ಹತ್ತುತ್ತಿತ್ತು. ಡೇರೆಗಳಿಗೆ ಹೋಗುವ ಗಾಡಿಗಳು ಆಗೊಂದು ಈಗೊಂದು ಬರುತ್ತಿದ್ದವು. ಮೊದಲ ಸಲ ಹಮೀದ್ ಪಕ್ಕದಲ್ಲಿ ಕೂತು ಹತ್ತಿಸಿದ. ಗಾಡಿ ಎರಡು ಸಲ ಸತ್ತಿತು. "ಬ್ರೇಕ್! ಬ್ರೇಕ್ ಸಾರ್! ಹ್ಯಾಂಡ್ ಬ್ರೇಕ್!" ಎಂದು ಅವನು ಕೂಗುವುದು ಕೆಳಗೆ ನಿಂತ ನಮಗೂ ಕೇಳುತ್ತಿತ್ತು. ರಮೇಶ ಇಳಿದಾಗ ಮುಖ ಬಿಳಚಿಕೊಂಡಿತ್ತು.

ಇಲ್ಲಿ ನಾನು ಮತ್ತೆ ಬಾಯಿ ಹಾಕಿದೆ. "ಅಪ್ಪಾ ಹಮೀದು, ನೀನು ಪಕ್ಕದಲ್ಲಿ ಕುಂತು ಹಿಂಗೆ ಬಡ್ಕೊಂಡ್ರೆ ಕಲಿಯೋನ್ಗೆ ಕೈಕಾಲು ಆಡ್ತದಾ? ನೀನು ಕಾರಲ್ಲಿ ಕೂರು. ನಾನು ಕುಂತ್ಕೋತೀನಿ ಅವ್ರ ಪಕ್ಕ."

"ಅಮ್ಮಾ, ಅದು ಹಾಗಲ್ಲ ಮಾರಾಯ್ರೆ..."

"ಏನು ಹಾಗಲ್ಲ? ಗೂಡಿನ ಟೆಂಪೋದಲ್ಲಿ ಎಷ್ಟು ಬೆಟ್ಟ ಹತ್ತಿವ್ನಿ ನಾನು. ನಡೀರಿ ಅಳಿಯಂದ್ರೆ."

ಹಿರಿಯರ ಮಾತು ತೆಗೆದುಹಾಕಲು ಹಮೀದ್‌ಗೆ ಬರುವುದಿಲ್ಲ. ತಲೆ ಕೆರೆದುಕೊಂಡು ಮಂಗಳನ ಕಾರಿಗೆ ಹತ್ತಿದ. ನಾವು ಮುಂದೆ ಹೊರಟೆವು. ಅರ್ಧ ಏರಿನವರೆಗೆ ಗಾಡಿ ಚೆನ್ನಾಗಿಯೇ ಹತ್ತಿತು. "ನೋಡಿ, ಬರ್ತದೆ," ಎಂದೆ. ಅಷ್ಟರಲ್ಲಿ ಎದುರಿನಿಂದ ನೀರಿನ ಟ್ಯಾಂಕರ್ ಇಳಿಯಿತು. ರಸ್ತೆ ಕಿರಿದು. ರಮೇಶ ಬದಿಗೆ ತೆಗೆದು ನಿಲ್ಲಿಸಿದ. ಟ್ಯಾಂಕರ್ ದಾಟಿತು. ಮತ್ತೆ ಹೊರಡಬೇಕು. ಕ್ಲಚ್ ಬಿಟ್ಟ, ಗಾಡಿ ನೆಗೆದು ಸತ್ತಿತು. ಮತ್ತೆ ಕೀಲಿ ತಿರುಗಿಸಿದ, ಮತ್ತೆ ಸತ್ತಿತು. ಕನ್ನಡಿಯಲ್ಲಿ ಹಿಂದೆ ಒಂದು ದೊಡ್ಡ ಜೀಪು ಬರುವುದು ಕಂಡಿತು. ಅದು ನಮ್ಮ ಹತ್ತಿರ ಬಂದು ಹಾರ್ನ್ ಹೊಡೆಯುವ ಮೊದಲೇ ಮಂಗಳ ತನ್ನ ಕಾರನ್ನು ತಂದು ನಮ್ಮ ಹಿಂದೆ, ಜೀಪಿನ ಮುಂದೆ ಸೇರಿಸಿ ನಿಲ್ಲಿಸಿದಳು. ಗಂಡನ ಮೇಲೆ ಬೇರೆಯವರು ಹಾರ್ನ್ ಹೊಡೆಯಬಾರದೆಂದು.

"ನಿಧಾನಕ್ಕೆ," ಎಂದೆ. ನನಗೆ ಹೇಳಲು ಗೊತ್ತಿದ್ದದ್ದು ಅಷ್ಟೆ. ಟೆಂಪೋದಲ್ಲಿ ಕೂತು ಬೆಟ್ಟ ಹತ್ತುವುದು ಬೇರೆ, ಹತ್ತಿಸುವುದು ಬೇರೆ. ಯಾವುದನ್ನು ಎಳೆಯಬೇಕು, ಯಾವುದನ್ನು ತುಳಿಯಬೇಕು ಎಂದು ನನಗೇನು ಗೊತ್ತು? ರಮೇಶ ಹ್ಯಾಂಡ್ ಬ್ರೇಕ್ ಇಳಿಸಿದ. ಕಾಲು ಎಲ್ಲೋ ಜಾರಿತು. ಗಾಡಿ ಹಿಂದಕ್ಕೆ ಸರಿಯತೊಡಗಿತು. ಮಂಗಳನಿಗೆ ಹಿಂದೆ ಹೋಗಲು ಜಾಗವಿರಲಿಲ್ಲ, ಜೀಪು ಅವಳ ಬೆನ್ನಿಗೇ ಇತ್ತು. ಅವಳು ಹಾರ್ನ್ ಒತ್ತಿ ಹಿಡಿದಳು. ಆಮೇಲೆ ಕಬ್ಬಿಣ ಮುರಿದ ಸದ್ದು.

ಇಳಿದು ಓಡಿದೆ. ಕಾರಿನ ಮೂತಿ ಪಿಕಪ್ಪಿನ ಅಡಿಗೆ ನುಗ್ಗಿ ಬಾನೆಟ್ ಮೇಲೆದ್ದಿತ್ತು. ದಿಶಾಳ ಕನ್ನಡಕ ಮುರಿದು ಮೂಗಿನ ಮೇಲೆ ರಕ್ತ. ಗೀರು ಅಷ್ಟೆ, ಆದರೆ ಮಗುವಿನ ಮುಖದ ಮೇಲೆ ರಕ್ತ ಎಷ್ಟಿದ್ದರೂ ರಕ್ತವೇ. ಮಂಗಳ ಅವಳ ಮೂಗು ಒತ್ತಿ ಹಿಡಿದು ಕೂತಿದ್ದಳು. ನಾನು ಹತ್ತಿರ ಹೋದೆ. "ಬ್ಯಾಡ ಅವ್ವಾ. ಆ ಕಡೆ ಹೋಗು," ಎಂದಳು.

ಪಿಕಪ್ಪಿಗೆ ವಾಪಸ್ ಬಂದೆ. ರಮೇಶ ಇನ್ನೂ ಸ್ಟೇರಿಂಗ್ ಹಿಡಿದೇ ಕೂತಿದ್ದ.

"ಅತ್ತೆ, ನಂಗೆ ಬರಲ್ಲ," ಎಂದ. "ಮೊದ್ಲಿಂದ್ಲೂ ಗೊತ್ತಿತ್ತು ಬರಲ್ಲ ಅಂತ. ಅವತ್ತು ಅಷ್ಟು ಜನದ ಮುಂದೆ ನೀವು ಹಂಗಂದ್ಮೇಲೆ, ಬರಲ್ಲ ಅಂತ ಹೆಂಗೆ ಹೇಳ್ಲಿ?"



ರಸ್ತೆಯ ಬದಿ

ಅಲ್ಲಿ ಗಾಡಿಗೆ ಗಾಡಿ ತಗುಲಿದರೆ ಪೊಲೀಸರು ಬಂದು ಬರೆದುಕೊಳ್ಳುವ ತನಕ ಕದಲುವ ಹಾಗಿಲ್ಲ. ಜೀಪಿನವರು ಇಳಿದು ಬಂದರು, ಬೈಯುತ್ತಾರೆ ಎಂದುಕೊಂಡರೆ ನೀರಿನ ಬಾಟಲಿ, ಒಂದು ಡಬ್ಬಿ ಟಿಶ್ಯೂ, ಒಂದು ಹಿಡಿ ಖರ್ಜೂರ ಕೊಟ್ಟು ದಿಶಾಳ ತಲೆ ಸವರಿ ಹೋದರು. ಗಾಳಿ ಬೀಸಿ ಬಾಯಿಗೆಲ್ಲ ಮರಳು.

ಬಂದ ಪೊಲೀಸ್ ಎಳೆಯ ಹುಡುಗ. ಎರಡೂ ಗಾಡಿಯವರ ಗುರುತಿನ ಕಾರ್ಡು ತೆಗೆದುಕೊಂಡು ನೋಡಿದ, ಇನ್ನೊಮ್ಮೆ ನೋಡಿದ, ಹಮೀದ್ ಹತ್ತಿರ ಏನೋ ಕೇಳಿದ.

"ಏನಂತೆ?" ಎಂದೆ.

"ಎಂತ ಇಲ್ಲ ಅಮ್ಮಾ. ಗಂಡ ಹೆಂಡತಿ ಇಬ್ಬರೂ ಅಷ್ಟು ದೂರದಿಂದ ಬಂದು ಇಲ್ಲಿ ಗುದ್ದಿಕೊಂಡದ್ದು ಯಾಕೆ, ಮನೆಯಲ್ಲಿ ಜಾಗ ಇರ್ಲಿಲ್ವಾ ಅಂತ ಕೇಳ್ತಾನೆ." ಹಮೀದ್ ನಗಿಸಲು ಹೇಳಿದ. ಯಾರೂ ನಗಲಿಲ್ಲ.

ರಮೇಶ, ಮಂಗಳ ಪೊಲೀಸನ ಹತ್ತಿರ ನಿಂತಿದ್ದರು. ನಾನು ದಿಶಾಳ ಪಕ್ಕ ಕಲ್ಲಿನ ಮೇಲೆ ಕೂತೆ. ಮುರಿದ ಕನ್ನಡಕ ಕೈಯಲ್ಲಿ ಹಿಡಿದು ಅವಳು, "ಅಜ್ಜಿ, ವೈ ಡಿಡ್ ಯು ಸೇ ದಟ್ ಅಬೌಟ್ ಪಪ್ಪಾ?" ಎಂದಳು.

"ಏನು ಹೇಳ್ದೆ?"

"ದ ಸೀರೆ ಥಿಂಗ್." ಫೋನ್ ತೆಗೆದು ತೋರಿಸಿದಳು. ರಮೇಶನ ಮುಖ, ಕೆಳಗೆ ಯಾರದೋ ಸೀರೆ ಉಟ್ಟ ಮೈ, ತಲೆಯ ತುಂಬ ಮಲ್ಲಿಗೆ, ಪಕ್ಕದಲ್ಲಿ ಒಂದು ಸ್ಟೇರಿಂಗ್. ಸಂಕ್ರಾಂತಿಯ ದಿನ ನಕ್ಕವರಲ್ಲಿ ಯಾರೋ ಮಾಡಿದ ಸ್ಟಿಕರ್ ಅದು. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಎಂದರೂ ಅದನ್ನೇ ಹಾಕುತ್ತಾರಂತೆ. "ಪಪ್ಪಾಸ್ ಆಫೀಸ್ ಪೀಪಲ್ ಆಲ್ಸೋ ಹ್ಯಾವ್ ಇಟ್," ಎಂದಳು. ಎರಡು ತಿಂಗಳಿನಿಂದ ಅವನು ದಿನಾ ಬೆಳಿಗ್ಗೆ ಅದನ್ನು ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ದಿನಾ ಸಂಜೆ ಬಂದು, "ಊಟ ಆಯ್ತಾ ಅತ್ತೆ?" ಎಂದು ನನ್ನನ್ನು ಕೇಳುತ್ತಿದ್ದ.

"ತೆಗ್ಸಕ್ಕೆ ಹೇಳು ಅದನ್ನ," ಎಂದೆ.

"ಅಜ್ಜಿ, ಯು ಕಾಂಟ್. ಇಟ್ಸ್ ವಿತ್ ಎವ್ರಿಬಡಿ."

ಖರ್ಜೂರ ಕೈಯಲ್ಲೇ ಇತ್ತು. ತಿನ್ನಲಾಗಲಿಲ್ಲ.

ಮಾರನೆಯ ವಾರ ಸುಮಾ ಮನೆಗೆ ಬಂದಾಗ ನೇರವಾಗಿ ಹೇಳಿದೆ. "ಆ ಮಾತು ನನ್ನದು. ಕೆಟ್ಟ ಮಾತು. ಅದನ್ನ ಇಟ್ಕೊಂಡು ನಗೋದು ನಿಲ್ಸಿ." ಸುಮಾ ನಕ್ಕಳು. "ಅಯ್ಯೋ ಅಮ್ಮಾ, ಎಲ್ಲ ತಮಾಷೆಗೆ. ರಮೇಶ್ ಏನೂ ಅಂದ್ಕೊಳಲ್ಲ ಬಿಡಿ!" ಒಳಗಿನ ಕೋಣೆಯಲ್ಲಿದ್ದ ರಮೇಶ ಅದನ್ನೆಲ್ಲ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡ. ಸರಿ ಮಾಡಲು ಹೋದದ್ದು ಇನ್ನೊಂದು ಸಲ ಕೆದಕಿದ ಹಾಗಾಯಿತು. ಆಡಿದ ಮಾತನ್ನು ಉಗುಳಿದ ಎಂಜಲು ಎನ್ನುತ್ತಾರೆ, ನೆಲ ಒರೆಸಬಹುದು, ವಾಪಸ್ ಬಾಯಿಗೆ ಹಾಕಿಕೊಳ್ಳಲಾಗುವುದಿಲ್ಲ.

ಮತ್ತೆ ಮಂಗಾಫ್

ಇಟಲಿಗೆ ಹೋಗುವುದು ಬೇಡ ಎಂದು ರಮೇಶ ಹೇಳಿದ. ಹೋಗಬೇಕು ಎಂದಳು ಮಂಗಳ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬುಕಿಂಗ್ ಬದಲಾಯಿಸುತ್ತಾ ಕೂತಿದ್ದಳು. ಓಡಿಸುವವರ ಹೆಸರು ಅವಳೊಬ್ಬಳದೇ.

ನಾನು ಎದುರಿಗೆ ಕೂತೆ. "ನೀನೇ ಓಡ್ಸು ಮಗ. ನಂದೇನೂ ಅಡ್ಡಿ ಇಲ್ಲ," ಎಂದೆ.

ಅವಳು ತಲೆ ಎತ್ತಿದಳು. "ನಲ್ವತ್ತು ದಾಟಿವ್ನಿ ನಾನು. ನಿನ್ನ ಒಪ್ಗೆ ಬೇಕಾ ಅವ್ವಾ ನಂಗೆ?" ಎಂದಳು. ಆಮೇಲೆ, "ಬೇಕಾಗಿತ್ತು. ಅವತ್ತು ಅಡ್ಗೆಮನೇಲಿ ಕೇಳ್ದೆ. ಕೇಳಿದ್ನಲ್ಲ ಅಂತ ಈಗ ನಾಚ್ಕೆ ಆಯ್ತದೆ," ಎಂದಳು.

"ಆಯ್ತು. ನಾನು ಹಿಂದಿನ ಸೀಟಲ್ಲಿ ಬಾಯಿ ಮುಚ್ಕೊಂಡು ಕುಂತಿರ್ತೀನಿ."

"ನೀನು ಬಾಯಿ ಮುಚ್ಕೊಂಡ್ರೂ ನಂಗೆ ಕೇಳುಸ್ತದೆ ಅವ್ವಾ. ಕನ್ನಡಿ ನೋಡುದ್ರೆ ನೀನು ಕಾಣ್ತೀಯ. ನೀನು ಹಿಂದೆ ಕುಂತಿದ್ರೆ ನಂಗೆ ಗೇರ್ ಬೀಳಲ್ಲ. ನೀನು ಬರ್ಬ್ಯಾಡ."

ಕೋಣೆಯ ಬಾಗಿಲಲ್ಲಿ ರಮೇಶ ನಿಂತಿದ್ದ. "ಏ, ಹಂಗೆಲ್ಲ ಅನ್ಬೇಡ. ಅತ್ತೆ ಬರ್ಲಿ ಬಿಡು. ವೀಸಾ ಎಲ್ಲ ಆಗಿದೆ," ಎಂದ. ಸೀರೆ ಉಡಿಸಿದವಳ ಪರವಾಗಿ ಮಾತಾಡಿದ್ದು ಅವನೊಬ್ಬನೇ. ಅದೂ ಒಂದು ಏಟೇ.

"ಬ್ಯಾಡ ಅಳಿಯಂದ್ರೆ," ಎಂದೆ. "ಮಂಡಿ ಎಳೀತಾ ಅದೆ ನಂಗೆ. ಕೇಳಿದೋರ್ಗೆ ಹಂಗೇ ಹೇಳಿ."

ಮಂಗಳ ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯಲಿಲ್ಲ. ಮಂಡಿಗೆ ಏನೂ ಆಗಿಲ್ಲ ಎಂದು ಅವಳಿಗೆ ಗೊತ್ತು.

ಅವರು ಹೊರಟದ್ದು ಒಂದು ಬೆಳಿಗ್ಗೆ. ವಾರದ ಮಟ್ಟಿಗೆ ನನ್ನನ್ನು ನೋಡಿಕೊಳ್ಳಲು ಹಮೀದನ ಹೆಂಡತಿ ದಿನಾ ಬಂದು ಹೋಗುವುದಾಗಿ ಒಪ್ಪಿದ್ದಳು. ರಿಪೇರಿಯಾಗಿ ಬಂದ ಕಾರಿನಲ್ಲೇ ಏರ್‌ಪೋರ್ಟಿಗೆ ಹೋಗಿ, ಅಲ್ಲಿಂದ ಹಮೀದ್ ಅದನ್ನು ವಾಪಸ್ ತರುವುದು. ದಿಶಾ ಹೊಸ ಕನ್ನಡಕ ಹಾಕಿಕೊಂಡು ನನ್ನ ಕಾಲಿಗೆ ಬಿದ್ದು, "ಬೈ ಅಜ್ಜಿ, ಐ ವಿಲ್ ಸೆಂಡ್ ಪಿಕ್ಚರ್ಸ್," ಎಂದಳು. ಮಂಗಳ ಫ್ರಿಜ್ಜಿನಲ್ಲಿ ಏನೇನಿದೆ ಎಂದು ಹೇಳಿದಳು.

ನಾನು ಬಾಲ್ಕನಿಗೆ ಬಂದು ನಿಂತೆ. ಕೆಳಗೆ ಹಮೀದ್ ಪೆಟ್ಟಿಗೆಗಳನ್ನು ಡಿಕ್ಕಿಗೆ ತುರುಕಿ, ದಿಶಾಳ ಜೊತೆ ಹಿಂದೆ ಕೂತ. ರಮೇಶ ಬಂದ. ಸುತ್ತ ನೋಡಲಿಲ್ಲ, ನೇರ ಹೋಗಿ ಬಲಗಡೆಯ ಬಾಗಿಲು ತೆಗೆದು ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ. ಕಟ್ಟಡ ಕಾಯುವ ಮುದುಕ ಅವನಿಗೆ ಕೈ ಎತ್ತಿ ಸಲಾಂ ಮಾಡಿದ. ಕೊನೆಗೆ ಮಂಗಳ ಬಂದಳು. ಅಭ್ಯಾಸದ ಕಾಲು ಬಲಗಡೆಗೇ ಹೋಯಿತು. ಅಲ್ಲಿ ಗಂಡ ಕೂತಿದ್ದಾನೆ. ನಿಂತಳು. ಕಾರಿನ ಮುಂದೆ ಹಾದು ಎಡಗಡೆಗೆ ಬಂದಳು, ಬಾಗಿಲಿಗೆ ಕೈ ಹಾಕಿದಳು. ಹಾಕಿ, ತೆಗೆಯದೆ, ತಲೆ ಎತ್ತಿ ನಾಲ್ಕನೇ ಮಹಡಿಯ ಕಡೆ ನೋಡಿದಳು.

ತಂತಿಯ ಮೇಲೆ ಹಾಸಿಗೆಯ ಮೇಲುಹಾಸು ಒಣಹಾಕಿತ್ತು. ನಾನು ಅದರ ಹಿಂದಕ್ಕೆ ಸರಿದೆ.

ಬಾಗಿಲು ಹಾಕಿದ ಸದ್ದು ಕೇಳಿಸಿತು. ಕಾರು ಹೊರಟ ಸದ್ದು ಕೇಳಿಸಿತು. ಅದು ತಿರುವು ದಾಟಿ ಕಿವಿಗೆ ಸಿಗದಷ್ಟು ದೂರ ಹೋಗುವ ತನಕ ಆ ಒದ್ದೆ ಬಟ್ಟೆಯ ಹಿಂದೆಯೇ ನಿಂತಿದ್ದೆ. ಬಗ್ಗಿ ನೋಡಲಿಲ್ಲ.